ಸಂತೋಷವೆಂದರೆ ಸದಾ ನಗುಮುಖವಲ್ಲ
ಕ್ರೈಸ್ತರು ಕಷ್ಟದಲ್ಲೂ ಸಂತೋಷದಿಂದಿರಬೇಕು ಎನ್ನುವ ಲೇಖನವೊಂದನ್ನು ಓದಿದೆ. ಅದರ ಆಶಯ ಒಪ್ಪುವಂಥದ್ದೇ. ಆದರೆ ನಿಜವಾದ ವಿಶ್ವಾಸಿ ಕಷ್ಟದಲ್ಲಿ ಅಳುವುದಿಲ್ಲ ಎಂಬ ಅದರ ಮಾತಿಗೆ ನನ್ನ ತಕರಾರಿದೆ. ತೀರಿಹೋಗಿದ್ದ ಗೆಳೆಯ ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯೇ ಕಣ್ಣೀರಿಟ್ಟರಲ್ಲ! 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಬೈಬಲ್‌ನಿಂದ ಕಿತ್ತುಹಾಕಲಿಲ್ಲ.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಫಿಲಿಪ್ಪಿ ಎಂಬ ಊರಿನ ಕ್ರೈಸ್ತ ಸಭೆಗೆ ‘ಸಂತೋಷಪಡಿರಿ’ ಎಂದು ಮತ್ತೆ ಮತ್ತೆ ಬರೆದದ್ದು ಸೆರೆಯಲ್ಲಿದ್ದಾಗ. ಅದಕ್ಕೂ ಹಿಂದೆ ಅದೇ ಊರಿನಲ್ಲಿ ಅವನನ್ನೂ ಜೊತೆಗಾರ ಸೀಲನನ್ನೂ ಛಡಿಗಳಿಂದ ಹೊಡೆಸಿ, ಕಾಲುಗಳಿಗೆ ಕೋಳ ಹಾಕಿ ಸೆರೆಮನೆಗೆ ತಳ್ಳಿದ್ದರು. ನಡುರಾತ್ರಿ ಇಬ್ಬರೂ ದೇವರನ್ನು ಹಾಡಿ ಕೊಂಡಾಡಿದರು. ಆಮೇಲೆ ಭೂಕಂಪವಾಗಿ ಸೆರೆಮನೆಯ ಬಾಗಿಲುಗಳು ತೆರೆದವು. ಗಮನಿಸಿ, ಬಾಗಿಲು ತೆರೆದ ಮೇಲೆ ಹಾಡಿದ್ದಲ್ಲ. ಭೂಕಂಪವಾಗುವ ಮುಂಚೆಯೇ, ಬೆನ್ನಿನ ಗಾಯಗಳನ್ನು ಯಾರೂ ತೊಳೆಯದಿದ್ದಾಗಲೇ. ಪರಿಸ್ಥಿತಿ ಸುಧಾರಿಸಿದ್ದರಿಂದ ಬಂದ ಸಂತೋಷ ಅದು ಕೆಟ್ಟಾಗ ಹೋಗುತ್ತದೆ. ಇವರ ಆಧಾರವೇ ಬೇರೆ: ಕ್ರಿಸ್ತನು ತಮ್ಮನ್ನು ಕೈಬಿಟ್ಟಿಲ್ಲ ಎಂಬ ಭರವಸೆ. ಅಂಥ ಭರವಸೆ ನೋವಿನ ಜೊತೆಯಲ್ಲೇ ಬದುಕಬಲ್ಲದು, ನೋವು ಮುಗಿಯಲೆಂದು ಕಾಯುವುದಿಲ್ಲ.

ನಮ್ಮ ತಾಯಿ ಹಾಸಿಗೆ ಹಿಡಿದಿದ್ದಾಗ ‘ನಗುನಗುತ್ತಾ ಇರಿ’ ಎಂದು ಉಪದೇಶಿಸಿ ಹೋದವರಿಂದ ಅವರಿಗೆ ದಣಿವೇ ಹೆಚ್ಚಾಯಿತು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಪ್ರಾರ್ಥಿಸಿದವರು ಬಂದ ದಿನ ತಾಯಿಯೇ ಕೀರ್ತನೆ ಓದಲು ಕೇಳುತ್ತಿದ್ದರು. ‘ಅಳುವವರ ಸಂಗಡ ಅಳಿರಿ’ ಎಂದು ರೋಮಾಪುರದವರಿಗೆ ಬರೆದವನೂ ಪೌಲನೇ. ಲೇಖಕರು ಮುಂದಿನ ಸಲ ಆ ಮಾತನ್ನೂ ಎತ್ತಿಕೊಳ್ಳಲಿ.