ಬಿಡಿಭಾಗಕ್ಕೆ ದುಡ್ಡು ಕೊಡುತ್ತೇವೆ, ದೋಷ ಹುಡುಕುವ ಕೆಲಸಕ್ಕೆ ಕೊಡುವುದಿಲ್ಲ

ಓಡುತ್ತಿರುವಾಗಲೇ ಬಂದ್ ಬಿದ್ದು, ಅರ್ಧ ಗಂಟೆ ರಸ್ತೆ ಬದಿಯಲ್ಲಿ ನಿಂತ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವ ಹಳೆಯ ಕಾರು ಮನೆಯಲ್ಲಿದ್ದವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತಿರುತ್ತದೆ. ಗ್ಯಾರೇಜಿಗೆ ಒಯ್ದಾಗ ಗಾಡಿ ಯಾವ ತಕರಾರೂ ಮಾಡುವುದಿಲ್ಲ. ಮಿಸ್ತ್ರಿ ಬಾನೆಟ್ ಎತ್ತಿ, ಎರಡು ಸಲ ಎಕ್ಸಲರೇಟರ್ ಒತ್ತಿ ನೋಡಿ, "ಪಂಪ್ ಹೋಗೇತಿ ಸಾರ್, ಹೊಸಾದು ಹಾಕಿಬಿಡೋಣ" ಎನ್ನುತ್ತಾರೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಆ ಪಂಪ್ ಬದಲಾಗುತ್ತದೆ, ಕೆಲವು ದಿನ ಗಾಡಿ ಓಡುತ್ತದೆ, ಬಿಸಿಲೇರಿದ ಒಂದು ಮಧ್ಯಾಹ್ನ ಮತ್ತೆ ನಿಲ್ಲುತ್ತದೆ. ಆಮೇಲೆ ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್, ಪ್ಲಗ್ಗು, ಕಡೆಗೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಆದ ಇಸಿಯು ಎಂಬ ಹೆಸರು ಬಂದಾಗ ಮಾಲೀಕರು ಕಾರನ್ನೇ ಮಾರುವ ಮಾತೆತ್ತುತ್ತಾರೆ. ಈ ಪದ್ಧತಿಯ ತಪ್ಪನ್ನು ಮಿಸ್ತ್ರಿಗಳ ತಲೆಗೆ ಕಟ್ಟುವುದು ಸುಲಭ, ಆದರೆ ಅದರಲ್ಲಿ ದೊಡ್ಡ ಪಾಲು ಗಾಡಿ ಇಟ್ಟುಕೊಂಡ ನಮ್ಮದೇ ಎಂಬುದು ನನ್ನ ಅಭಿಪ್ರಾಯ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ತೊಂದರೆ ಬೇಸಿಗೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟಿರುವಾಗ, ಎಂಜಿನ್ ಬದಿಯಲ್ಲಿ ಕುಳಿತ ಕಾಯಿಲ್, ಕಿಡಿಯನ್ನು ನಿಯಂತ್ರಿಸುವ ಇಗ್ನಿಷನ್ ಮಾಡ್ಯೂಲ್, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್‌ಗಳಂತಹ ಭಾಗಗಳು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತವೆ. ಅವುಗಳೊಳಗಿನ ಕೂದಲೆಳೆಯಂತಹ ತಾಮ್ರದ ತಂತಿಯಲ್ಲೋ ಬೆಸುಗೆಯಲ್ಲೋ ಒಂದು ಬಿರುಕು ಬಿದ್ದಿದ್ದರೆ, ಕಾದಾಗ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣಿದಾಗ ಕುಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಸಿಂಧನೂರಿನಿಂದ ಮಾನ್ವಿಯ ಮೇಲೆ ರಾಯಚೂರಿಗೆ ಹೊರಟ ಕಾರು ದಾರಿಯಲ್ಲಿ ನಿಂತು, ಎಳೆಸಿಕೊಂಡು ಗ್ಯಾರೇಜು ಮುಟ್ಟುವಷ್ಟರಲ್ಲಿ ತಾನೇ ನೆಟ್ಟಗಾಗುವುದು ಇದರಿಂದಲೇ. ಹೀಗಾಗಿ ದೋಷದ ಪ್ರತ್ಯಕ್ಷ ಸಾಕ್ಷಿ ಸ್ಟಿಯರಿಂಗ್ ಹಿಡಿದವರೊಬ್ಬರೇ. ಮಿಸ್ತ್ರಿಯ ಕೈಗೆ ಬರುವುದು ತಣಿದ ಗಾಡಿ ಮತ್ತು "ಏನೋ ಒಮ್ಮೆಲೆ ಆಫ್ ಆಯಿತು" ಎಂಬ ಒಂದು ಮಾತು.

ಆ ಒಂದು ಮಾತಿನಲ್ಲಿ ಏನೂ ಇಲ್ಲ. ಹೇಗೆ ಆಫ್ ಆಯಿತು ಎಂಬುದರಲ್ಲಿ ಎಲ್ಲವೂ ಇದೆ. ಸ್ವಿಚ್ ಒತ್ತಿ ದೀಪ ಆರಿಸಿದಂತೆ, ಜರ್ಕ್ ಕೂಡ ಹೊಡೆಯದೆ ನಿಂತಿದ್ದರೆ ಮೊದಲ ಅನುಮಾನ ವಿದ್ಯುತ್ತಿನ ಕಡೆ ಹೋಗಬೇಕು. ಒಂದೆರಡು ಕಿಲೋಮೀಟರು ಎಳೆತ ಕಡಿಮೆಯಾಗಿ, ಏರಿನಲ್ಲಿ ಮುಗ್ಗರಿಸಿ, ಆಮೇಲೆ ನಿಂತಿದ್ದರೆ ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಎಂಬುದು ಹೆಚ್ಚು ಸಂಭವ. ಹೆಡ್‌ಲೈಟ್ ಮಂಕಾಗುತ್ತ ಬಂದು, ನಿಂತ ಮೇಲೆ ಸೆಲ್ಫ್ ಕೂಡ ಎತ್ತದಿದ್ದರೆ ಅಲ್ಟರ್ನೇಟರ್ ಚಾರ್ಜ್ ಮಾಡದೆ ಬ್ಯಾಟರಿ ಬರಿದಾಗಿದೆ ಎಂದರ್ಥ, ಈ ಗಾಡಿ ಅರ್ಧ ಗಂಟೆ ತಣಿದರೂ ಏಳುವುದಿಲ್ಲ. ಆರ್‌ಪಿಎಂ ಮುಳ್ಳು ಇರುವ ಕಾರಾದರೆ ಇನ್ನೊಂದು ಸುಳಿವು ಸಿಗುತ್ತದೆ. ಗಾಡಿ ಗೇರಿನಲ್ಲಿ ಉರುಳುತ್ತಿದ್ದು, ಚಕ್ರಗಳು ಎಂಜಿನನ್ನು ಇನ್ನೂ ತಿರುಗಿಸುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ, ಎಂಜಿನ್ ತಿರುಗುತ್ತಿದೆ ಎಂಬ ಸಂಕೇತವೇ ಕಡಿದುಹೋಗಿದೆ ಎಂದು ತಿಳಿಯಬಹುದು. ವೇಗದೊಂದಿಗೆ ಮುಳ್ಳೂ ನಿಧಾನವಾಗಿ ಇಳಿದರೆ ಆ ಸಂಕೇತ ಬರುತ್ತಲೇ ಇದೆ, ದೋಷವನ್ನು ಬೇರೆ ಕಡೆ ಹುಡುಕಬೇಕು.

ಇದನ್ನೆಲ್ಲ ಗಮನಿಸುವ ಮೊದಲು ಗಾಡಿಯನ್ನು ಪಕ್ಕಕ್ಕೆ ತರಬೇಕು. ಅದಿರು ಲಾರಿಗಳು ಬೆನ್ನಿಗೇ ಬರುವ ತೋರಣಗಲ್ಲಿನ ಹೆದ್ದಾರಿಯಲ್ಲಿ ಎಂಜಿನ್ ಸತ್ತರೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ, ಬ್ರೇಕನ್ನು ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದ ನಿರ್ವಾತವು ಒಂದೆರಡು ಸಲ ಒತ್ತುವಷ್ಟಕ್ಕೆ ಸಾಕಾಗುತ್ತದೆ. ಆದ್ದರಿಂದ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಗಾಡಿ ಪೂರ್ತಿ ನಿಲ್ಲುವ ತನಕ ಕೀಲಿಯನ್ನು ಲಾಕಿನ ಕಡೆ ತಿರುಗಿಸಬಾರದು.

ನಿಂತ ಮೇಲಿನ ಐದು ನಿಮಿಷ ಬೆಲೆಬಾಳುವಂಥದ್ದು. ದೋಷ ಆಗ ಇನ್ನೂ ಜೀವಂತವಾಗಿರುತ್ತದೆ. ಕೀಲಿಯನ್ನು ಆನ್ ಮಾಡಿ ಮೀಟರಿನ ಕಡೆ ನೋಡಬೇಕು. ಬ್ಯಾಟರಿ ಮತ್ತು ಆಯಿಲ್ ದೀಪಗಳು ಹತ್ತದಿದ್ದರೆ ಕಾಯಿಲ್, ಪಂಪುಗಳ ಮಾತೇ ಬೇಡ, ಬ್ಯಾಟರಿ ಟರ್ಮಿನಲ್, ದೊಡ್ಡ ಫ್ಯೂಸ್, ಇಗ್ನಿಷನ್ ಸ್ವಿಚ್ ಇವುಗಳ ನಡುವೆ ಎಲ್ಲೋ ಕರೆಂಟ್ ತಪ್ಪಿದೆ. ಮನೆ, ಅಂಗಡಿ, ಬೈಕುಗಳ ಕೀಲಿಗಳನ್ನೆಲ್ಲ ಒಂದೇ ಗೊಂಚಲಿನಲ್ಲಿ ಜೋತುಬಿಟ್ಟ ಕಾರುಗಳಲ್ಲಿ ಸ್ವಿಚ್ಚಿನ ಒಳಗಿನ ಸಂಪರ್ಕ ಸವೆದು, ರಸ್ತೆಯ ಗುಂಡಿಗೆ ಗೊಂಚಲು ಅಲುಗಾಡಿದಾಗ ಎಂಜಿನ್ ನಿಲ್ಲುವುದುಂಟು. ಕೀಲಿಯನ್ನು ಮೆಲ್ಲಗೆ ಅಲುಗಿಸಿದಾಗ ದೀಪಗಳು ಮಿಣುಕಿದರೆ ಸಾಕು, ಕಳ್ಳ ಸಿಕ್ಕಂತೆ.

ದೀಪಗಳು ಸರಿಯಾಗಿದ್ದು, ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತಿದ್ದು, ಹತ್ತದಿದ್ದರೆ ಪ್ರಶ್ನೆ ಸರಳ: ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ, ಎರಡೂ ಇಲ್ಲವೋ? ನಮ್ಮ ಪಂಪುಗಳು ವಿನಾಕಾರಣ ಬದಲಾಗುವುದು ಇಲ್ಲಿಯೇ. ಇಸಿಯು ಹೇಳಿದಷ್ಟು ಪೆಟ್ರೋಲನ್ನು ಎಂಜಿನ್ನಿಗೆ ಸಿಂಪಡಿಸುವ ಇಂಜೆಕ್ಷನ್ ಇರುವ ಬಹುತೇಕ ಕಾರುಗಳಲ್ಲಿ ಕೀಲಿ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗಿನ ಪಂಪ್ ಎರಡು ಸೆಕೆಂಡಿನಷ್ಟು ಹೊತ್ತು ಗುಂಯ್ ಎಂದು ಸುಮ್ಮನಾಗುತ್ತದೆ. ಅದು ಮತ್ತೆ ಓಡಬೇಕಾದರೆ ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಕ್ರ್ಯಾಂಕ್ ಸೆನ್ಸರಿನಿಂದ ಇಸಿಯುವಿಗೆ ತಲುಪಬೇಕು. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ಚೆಲ್ಲುತ್ತಿರಬಾರದೆಂದು ಮಾಡಿದ ವ್ಯವಸ್ಥೆ ಅದು. ಸೆನ್ಸರ್ ಸತ್ತರೆ ಪಂಪೂ ನಿಲ್ಲುತ್ತದೆ, ಇಂಜೆಕ್ಟರೂ ನಿಲ್ಲುತ್ತದೆ, ಸಾಮಾನ್ಯವಾಗಿ ಕಿಡಿಯೂ ನಿಲ್ಲುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ಪೈಪಿನಲ್ಲಿ ಪೆಟ್ರೋಲ್ ಬರುತ್ತಿಲ್ಲ ಎಂಬುದನ್ನಷ್ಟೇ ನೋಡಿದವರಿಗೆ ಪಂಪ್ ಹೋಗಿದೆ ಎನಿಸುವುದು ಸಹಜ. ಆದರೆ ಕೀಲಿ ಆನ್ ಮಾಡಿದಾಗ ಆ ಗುಂಯ್ ಶಬ್ದ ಕೇಳಿಸಿ, ಸೆಲ್ಫ್ ಹೊಡೆಯುವಾಗ ಕಿಡಿಯೂ ಇಲ್ಲದಿದ್ದರೆ, ನಿರಪರಾಧಿ ಪಂಪನ್ನು ಮುಟ್ಟದೆ ಸೆನ್ಸರ್ ಮತ್ತು ಅದರ ವೈರಿನ ಕಡೆ ಹೋಗಬೇಕು. ಒದ್ದೆ ಬಟ್ಟೆಯನ್ನು ಸೆನ್ಸರಿನ ಮೇಲೆ ಸ್ವಲ್ಪ ಹೊತ್ತು ಇಟ್ಟಾಗ ಗಾಡಿ ಎದ್ದು ಕೂತರೆ ಅನುಮಾನ ಬಹಳ ಮಟ್ಟಿಗೆ ಗಟ್ಟಿಯಾಗುತ್ತದೆ. ಕಾದ ಎಂಜಿನ್ನಿನ ಮೇಲೆ ಕೊಡಗಟ್ಟಲೆ ನೀರು ಸುರಿಯುವವರನ್ನು ನೋಡಿದ್ದೇನೆ, ಅದು ಬೇಡ.

ಕಿಡಿ ಇದೆ, ಪಂಪಿನ ಶಬ್ದವೇ ಇಲ್ಲ ಎಂದಾದರೂ ಪಂಪೇ ತಪ್ಪಿತಸ್ಥ ಎಂದು ತೀರ್ಪು ಕೊಡಲಾಗದು. ಮೊದಲು ಫ್ಯೂಸ್, ಆಮೇಲೆ ಪಂಪಿಗೆ ಕರೆಂಟ್ ಹರಿಸುವ ಸ್ವಿಚ್ಚಾದ ರಿಲೇ. ಹಾರ್ನಿಗೂ ಪಂಪಿಗೂ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಲು ಒಂದು ನಿಮಿಷ ಸಾಕು. ಹಳೆಯ ಹೋಂಡಾ ಕಾರುಗಳ ಮೇನ್ ರಿಲೇಯಲ್ಲಿ ಬೆಸುಗೆ ಬಿರುಕು ಬಿಟ್ಟು ಬಿಸಿಲಿನಲ್ಲಿ ಸ್ಟಾರ್ಟ್ ಆಗದಿರುವುದು ಜಗತ್ತಿನ ಮಿಸ್ತ್ರಿಗಳಿಗೆಲ್ಲ ಗೊತ್ತಿರುವ ಕಾಯಿಲೆ. ರಿಲೇಯೂ ಸರಿಯಿದ್ದರೆ ಪಂಪಿನ ಕನೆಕ್ಟರಿಗೆ ಕರೆಂಟ್ ಬರುತ್ತಿದೆಯೇ, ಅರ್ಥಿಂಗ್ ಗಟ್ಟಿಯಿದೆಯೇ ಎಂದು ಟೆಸ್ಟ್ ಲ್ಯಾಂಪಿನಲ್ಲಿ ನೋಡಬೇಕು. ಕರೆಂಟೂ ಅರ್ಥಿಂಗೂ ಇದ್ದು ಪಂಪ್ ಸುಮ್ಮನಿದ್ದರೆ, ಟ್ಯಾಂಕಿನ ತಳಕ್ಕೆ ಅಂಗೈಯಿಂದ ನಾಲ್ಕು ಪೆಟ್ಟು ಹಾಕಿದಾಗ ಅದು ಓಡತೊಡಗಿದರೆ, ಆಗ ನಿಶ್ಚಿಂತೆಯಿಂದ ಹೊಸ ಪಂಪ್ ಕೊಳ್ಳಬಹುದು. ಸುತ್ತಲಿನ ಪೆಟ್ರೋಲೇ ಈ ಪಂಪನ್ನು ತಣ್ಣಗಿಡುವುದರಿಂದ, ಬೇಸಿಗೆಯಲ್ಲಿ ನೂರು ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಅದರ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ಇನ್ನೊಬ್ಬ ಆರೋಪಿಯನ್ನೂ ವಿಚಾರಿಸಬೇಕು, ಅವನು ಇಲಿ. ರೈಸ್‌ಮಿಲ್ಲಿನ ಪಕ್ಕ ರಾತ್ರಿಯಿಡೀ ನಿಂತ ಕಾರಿನಲ್ಲಿ ಅರ್ಧ ಕಡಿದ ವೈರು ಎಂಜಿನ್ ಅದುರಿದಾಗಲೆಲ್ಲ ಸಂಪರ್ಕ ಬಿಡುತ್ತಿರುತ್ತದೆ.

ಇಂಜೆಕ್ಷನ್ನಿಗೂ ಹಿಂದಿನ ಕಾರ್ಬೊರೇಟರ್ ಕಾಲದ ಮಾರುತಿ 800, ಅಂಬಾಸಿಡರ್‌ಗಳ ಲೆಕ್ಕ ಬೇರೆ. ಅವುಗಳ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುವುದರಿಂದ ಬಿಸಿಲಿನಲ್ಲಿ ಪೆಟ್ರೋಲ್ ಪೈಪಿನಲ್ಲಿಯೇ ಆವಿಯಾಗಿ ಹರಿವು ಕಡಿಯಬಹುದು. ಪಂಪಿನ ಮೇಲಿನ ಒದ್ದೆ ಬಟ್ಟೆ ಅಲ್ಲಿ ಹಳೆಯ ಮದ್ದು. ಟ್ಯಾಂಕಿನ ಮುಚ್ಚಳ ತೆಗೆದಾಗ ಗಾಳಿ ಒಳಗೆ ಸೆಳೆದ ಶಬ್ದ ಜೋರಾಗಿ ಬಂದು, ಅನಂತರ ಗಾಡಿ ಸ್ಟಾರ್ಟ್ ಆದರೆ ಗಾಳಿಯ ದಾರಿ ಧೂಳಿನಿಂದ ಮುಚ್ಚಿದೆ ಎಂದರ್ಥ, ಸಂಡೂರಿನ ಕೆಂಪು ಧೂಳಿನಲ್ಲಿ ತಿರುಗುವ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಸೆಲ್ಫ್ ಹೊಡೆದಾಗ ಎಂಜಿನ್ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ಗರಗರ ತಿರುಗಿದರೆ ಅಲ್ಲಿಗೇ ಕೈ ಬಿಡಬೇಕು. ಪಿಸ್ಟನ್ನಿಗೂ ವಾಲ್ವಿಗೂ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಕಡಿದಿರಬಹುದು, ಮತ್ತೆ ಮತ್ತೆ ಹೊಡೆದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಹಾಗೆಯೇ, ಸಿರಿಂಜಿನಲ್ಲಿ ಪೆಟ್ರೋಲ್ ಹಿಡಿದು ಎಂಜಿನ್ನಿನ ಬಾಯಿಗೆ ಬಿಟ್ಟು ನೋಡುವ ನಮ್ಮ ಕಡೆಯ ರೂಢಿಯೂ ನನಗೆ ಒಪ್ಪಿಗೆಯಿಲ್ಲ. ಉರಿ ಹಿಂದಕ್ಕೆ ಸಿಡಿಯುವ ಒಂದು ಬ್ಯಾಕ್‌ಫೈರ್ ಸಾಕು, ಬಾನೆಟ್ಟಿನ ಕೆಳಗೆ ಬೆಂಕಿ.

ಇಸಿಯುವಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿದರೆ ಎಲ್ಲ ಗೊತ್ತಾಗುತ್ತದೆ ಎಂಬ ಹೊಸ ನಂಬಿಕೆಯ ಬಗ್ಗೆಯೂ ಎಚ್ಚರ ಬೇಕು. ಹಳೆಯ ಕಾರುಗಳಲ್ಲಿ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮಾತೇ ಆಡದಿರಬಹುದು. ಮಾತಾಡಿದರೂ, ಬಿಸಿಗೆ ಸಾಯುವ ಕ್ರ್ಯಾಂಕ್ ಸೆನ್ಸರ್ ಹಲವು ಸಲ ಪಿ0335 ಎಂಬ ಕೋಡನ್ನು ಬಿಟ್ಟುಹೋಗುವುದಿಲ್ಲ, ಸಂಕೇತ ನಿಂತಾಗ ಇಸಿಯು ಎಂಜಿನ್ನೇ ತಿರುಗುವುದನ್ನು ನಿಲ್ಲಿಸಿತೆಂದು ಭಾವಿಸುತ್ತದೆ. ಕೋಡಿಗಿಂತ ಉಪಯುಕ್ತವಾದದ್ದು, ದೋಷವಿರುವಾಗಲೇ ಸೆಲ್ಫ್ ಹೊಡೆದು ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡುವುದು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಸೆನ್ಸರ್ ಅಥವಾ ಅದರ ವೈರು.

ಇಷ್ಟನ್ನೂ ನಮ್ಮ ಒಳ್ಳೆಯ ಮಿಸ್ತ್ರಿಗಳು ಬಲ್ಲರು. ಆದರೆ ದೋಷ ಕಾಣಿಸಿಕೊಳ್ಳುವ ತನಕ ಗಾಡಿಯನ್ನು ಬಿಸಿಲಿನಲ್ಲಿ ಓಡಿಸುತ್ತ, ಮಲ್ಟಿಮೀಟರ್ ಹಿಡಿದು ಕೂರಲು ಅರ್ಧ ದಿನ ಬೇಕು, ಆ ಅರ್ಧ ದಿನಕ್ಕೆ ನಾವು ಏನು ಕೊಡುತ್ತೇವೆ? "ಏನೂ ಹಾಕಿಲ್ಲವಲ್ಲ, ಬರೀ ನೋಡಿದ್ದಕ್ಕೆ ಎಷ್ಟು ಕೊಡಬೇಕು?" ಎಂದು ಕೇಳುವ ನಾವೇ, ಡಬ್ಬಿಯಲ್ಲಿ ಬಂದ ಹೊಸ ಭಾಗಕ್ಕೆ ಚೌಕಾಸಿಯಿಲ್ಲದೆ ಸಾವಿರಾರು ರೂಪಾಯಿ ಎಣಿಸುತ್ತೇವೆ. ಬಿಚ್ಚಿದ ಹಳೆಯ ಪಂಪನ್ನು ತೋರಿಸಿದರೆ ಮಾತ್ರ ಕೆಲಸ ಮಾಡಿದಂತೆ ಎಂದು ಗಿರಾಕಿ ತಿಳಿದಿರುವಾಗ, ಪಂಪ್ ಬಿಚ್ಚುವುದೇ ಅವರಿಗೆ ಉಳಿದ ದಾರಿ. ಹದಿನೈದು ವರ್ಷ ತುಂಬಿದ ಕಾರಿಗೆ ಆರ್‌ಸಿ ನವೀಕರಿಸಿ ಇನ್ನೈದು ವರ್ಷ ಓಡಿಸಲು ಹೊರಟವರು ಈ ಲೆಕ್ಕವನ್ನು ಮೊದಲೇ ಸರಿಮಾಡಿಕೊಳ್ಳಬೇಕು. ಗಾಡಿ ಬಿಡುವಾಗಲೇ ದೋಷ ಹುಡುಕುವುದಕ್ಕೆ ಪ್ರತ್ಯೇಕ ಮಜೂರಿ ಮಾತಾಡಿ, ಪರೀಕ್ಷಿಸಿ ತೋರಿಸದೆ ಯಾವ ಭಾಗವನ್ನೂ ಬದಲಿಸಬಾರದೆಂದು ಹೇಳಿ, ನಿಂತಾಗ ನಾವು ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು: ಎಷ್ಟು ದೂರ ಓಡಿದ ಮೇಲೆ ನಿಂತಿತು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಲ್ಲಿತ್ತು, ಟ್ಯಾಂಕಿನಲ್ಲಿ ಎಷ್ಟಿತ್ತು, ಯಾವ ದೀಪ ಹತ್ತಿತ್ತು, ಪಂಪಿನ ಶಬ್ದ ಕೇಳಿಸಿತೇ, ಎಷ್ಟು ಹೊತ್ತಿನ ಮೇಲೆ ಎದ್ದಿತು.