ಹಳೆಯ ತೀರ್ಪಿನ ಅಳತೆಗೋಲು: ಕೋರ್ಟು ಅದಕ್ಕೇ ಕಟ್ಟುಬೀಳಬೇಕೇ?

ಪರ

ಮೂವತ್ತೆರಡು ವರ್ಷದ ಒಬ್ಬ ಆಟೋ ಚಾಲಕ, ಬಾಡಿಗೆ ಮುಗಿಸಿ ಮನೆಗೆ ಬರುವಾಗ ಲಾರಿ ಗುದ್ದಿ ತೀರಿಕೊಂಡ ಅಂದುಕೊಳ್ಳಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಕೆಲವು ತಿಂಗಳಾದ ಮೇಲೆ ಆ ಹೆಣ್ಣುಮಗಳು ವಕೀಲರ ಆಫೀಸಿಗೆ ಬಂದು ಕೂರುತ್ತಾಳೆ. ಅವಳು ಕೇಳುವುದು ಒಂದೇ ಮಾತು: "ಎಷ್ಟು ಬರಬಹುದು ಸಾರ್?"

ವಕೀಲರು ಕೈಗೆ ಸಿಕ್ಕ ಕಾಗದದ ಹಿಂಬದಿಯಲ್ಲೇ ಲೆಕ್ಕ ಹಾಕುತ್ತಾರೆ. ತಿಂಗಳ ದುಡಿಮೆ 15,000 ರೂಪಾಯಿ. ವಯಸ್ಸು 40ರ ಒಳಗೆ, ಸ್ವಂತ ದುಡಿಮೆ. ಹಾಗಾಗಿ ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ನೂರಕ್ಕೆ 40 ಸೇರಿಸಬೇಕು: 21,000. ಅವಲಂಬಿತರು ನಾಲ್ಕು ಜನ, ಆದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆಯಬೇಕು: 15,750. ವರ್ಷಕ್ಕೆ 1,89,000. ಮೂವತ್ತೆರಡರ ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ಮೊತ್ತವನ್ನು ಎಷ್ಟರಿಂದ ಗುಣಿಸಬೇಕೋ ಆ ಸಂಖ್ಯೆ, 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಇನ್ನೊಂದೆರಡು ಬಾಬ್ತು ಬೇರೆ.

ಈ ಲೆಕ್ಕ ಎಲ್ಲಿಂದ ಬಂತು? ಮೋಟಾರು ವಾಹನ ಕಾಯ್ದೆಯ 168ನೇ ಸೆಕ್ಷನ್ "ನ್ಯಾಯಯುತ" ಪರಿಹಾರ ಕೊಡಿ ಎನ್ನುತ್ತದೆ, ಅಷ್ಟೇ. ಎಷ್ಟು ನ್ಯಾಯಯುತ ಎಂದು ಅದು ಹೇಳುವುದಿಲ್ಲ. ಯಾವ ವಯಸ್ಸಿಗೆ ಯಾವ ಮಲ್ಟಿಪ್ಲೈಯರ್, ಸ್ವಂತ ಖರ್ಚಿಗೆ ಎಷ್ಟು ಕಳೆಯಬೇಕು ಎಂಬುದನ್ನು ಒಂದು ಪಟ್ಟಿಯಂತೆ ಇಟ್ಟುಕೊಟ್ಟಿದ್ದು ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮ ತೀರ್ಪು. ಅದನ್ನು ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ನೂರಕ್ಕೆ 40 ಸೇರಿಸುವ ನಿಯಮ 2017ರ ಪ್ರಣಯ್ ಸೇಥಿ ತೀರ್ಪಿನದು. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಹೇಳಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಅನ್ವಯ. ಅದಕ್ಕೇ ವಕೀಲರು ಅಷ್ಟು ಧೈರ್ಯವಾಗಿ ಅಂಕಿ ಹೇಳುವುದು.

ಸರಳಾ ವರ್ಮಕ್ಕೆ ಮೊದಲು ಅಪಘಾತ ಪರಿಹಾರದ ಕೇಸು ಕೇಳುವ ಒಂದು ನ್ಯಾಯಮಂಡಳಿ ಹಿಡಿದ ಮಲ್ಟಿಪ್ಲೈಯರ್ ಇನ್ನೊಂದು ಹಿಡಿಯುತ್ತಿರಲಿಲ್ಲ. ವಯಸ್ಸು ಅದೇ, ದುಡಿಮೆ ಅದೇ, ಬಿಟ್ಟುಹೋದ ಸಂಸಾರವೂ ಅಷ್ಟೇ ದೊಡ್ಡದು. ಆದರೂ ತುಮಕೂರಿನಲ್ಲಿ ಒಂದು ಮೊತ್ತ, ಬೀದರಿನಲ್ಲಿ ಇನ್ನೊಂದು ಅಂದ್ರೆ, ಅದನ್ನು ನ್ಯಾಯ ಅಂತ ಕರೆಯೋಕಾಗುತ್ತಾ? ನ್ಯಾಯಾಧೀಶರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಗಂಡನನ್ನು ಕಳೆದುಕೊಂಡವಳು ತನ್ನ ಕೇಸು ಯಾರ ಮುಂದೆ ಹೋಗುತ್ತದೋ ಎಂದು ಹರಕೆ ಹೊರುವ ಸ್ಥಿತಿ ಬರಬಾರದು. ಲೋಕ ಅದಾಲತ್‌ನಲ್ಲಿ ಇಂಥ ಕೇಸುಗಳು ರಾಜಿಯಾಗುವುದೂ ಈ ಪಟ್ಟಿಯ ದೆಸೆಯಿಂದಲೇ. ಕೊನೆಗೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಇನ್ಶೂರೆನ್ಸ್ ಕಂಪನಿಗೂ ಗೊತ್ತು, ಎದುರು ಕೂತವರಿಗೂ ಗೊತ್ತು.

ದೊಡ್ಡ ವಿಷಯಗಳಲ್ಲೂ ಇದೇ ಕತೆ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಅವರಿಗೆ ಅವಕಾಶ ಕೊಡಲಿಲ್ಲ. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ತೀರ್ಮಾನವಾಗಬೇಕಾದ ಜಾಗ ಸದನವೇ ಎಂದಿತು. ಬೊಮ್ಮಾಯಿ ಅವರಿಗೆ ಹೋದ ಕುರ್ಚಿ ವಾಪಸ್ ಬರಲಿಲ್ಲ. ಆದರೆ 2018ರ ಮೇ 18ರಂದು ಅದೇ ರಾಜ್ಯದ ವಿಷಯದಲ್ಲಿ ಸುಪ್ರೀಂ ಕೋರ್ಟು ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಪಕ್ಕಕ್ಕಿಟ್ಟು, ನಾಳೆ ಸಂಜೆಯೇ ಸದನದಲ್ಲಿ ಬಹುಮತ ಸಾಬೀತು ಮಾಡಿ ಎಂದಿತು. ಹೊಸದಾಗಿ ಕಾನೂನು ಹುಡುಕುವ ಕಷ್ಟ ಇರಲಿಲ್ಲ, ಹಾದಿ ಆಗಲೇ ಬಿದ್ದಿತ್ತು.

ಹಳೆಯ ತೀರ್ಪು ತಪ್ಪಾಗಿದ್ದರೆ? ತಿದ್ದಲು ದಾರಿ ಇದ್ದೇ ಇದೆ. ತನ್ನ ತೀರ್ಪನ್ನು ತಾನೇ ಬದಲಿಸಬಹುದು ಎಂದು ಸುಪ್ರೀಂ ಕೋರ್ಟು 1955ರಲ್ಲೇ ಹೇಳಿದೆ. ಆದರೆ ಅದು ಕ್ರಮ ಹಿಡಿದು ಆಗಬೇಕು. ಸ್ವಂತ ದುಡಿಮೆಯವರಿಗೆ ಮುಂದಿನ ಆದಾಯ ಸೇರಿಸುವ ಬಗ್ಗೆ 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಎರಡು ಪೀಠಗಳು ಬೇರೆ ಬೇರೆ ಮಾತು ಹೇಳಿದವು. ಎರಡನೆಯದು ಮೊದಲನೆಯದನ್ನು ನೋಡಿಯೇ ಇರಲಿಲ್ಲ. ಯಾವುದನ್ನು ಹಿಡಿಯಬೇಕು ಎಂಬ ಗೊಂದಲ ಬಗೆಹರಿದದ್ದು 2017ರಲ್ಲಿ, ಐವರ ಪೀಠ ಕೂತ ಮೇಲೆ. ಎರಡು ತೀರ್ಪು ತಿಕ್ಕಾಡಿದರೇ ಇಷ್ಟು ಗೊಂದಲ. ಪ್ರತಿಯೊಂದು ಕೋರ್ಟೂ ತನಗೆ ಸರಿ ಕಂಡಂತೆ ನಡೆದರೆ ಆ ಆಟೋ ಚಾಲಕನ ಹೆಂಡತಿಗೆ ವಕೀಲರು ಏನಂತ ಉತ್ತರ ಕೊಡಬೇಕು?

ವಿರೋಧ

ನಾನು ಇನ್ನೊಂದು ಮನೆಯ ಲೆಕ್ಕ ಹಾಕುತ್ತೇನೆ. ಪಟ್ಟಿ ಅದೇ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ 24ರ ಹುಡುಗಿ. ಸಂಬಳ 12,000. ಊರಲ್ಲಿ ಹಾಸಿಗೆ ಹಿಡಿದ ಅಪ್ಪ, ಅಮ್ಮ, ಓದುತ್ತಿರುವ ತಮ್ಮ. ಇಲ್ಲಿ ಬೇರೆ ಮೂವರ ಜೊತೆ ಸೇರಿ ಒಂದು ರೂಮು ಹಿಡಿದಿದ್ದಾಳೆ. ಮೂರು ಸಾವಿರದಲ್ಲಿ ಬಾಡಿಗೆ, ಊಟ, ಬಸ್ಸು ಎಲ್ಲ ಮುಗಿಸಿ, ಪ್ರತಿ ತಿಂಗಳೂ ತಪ್ಪದೆ 9,000 ಊರಿಗೆ ಕಳಿಸುತ್ತಾಳೆ. ರಸ್ತೆ ದಾಟುವಾಗ ವಾಹನ ಗುದ್ದಿ ಅವಳು ಹೋಗಿಬಿಟ್ಟಳು ಎಂದುಕೊಳ್ಳಿ.

ನೂರಕ್ಕೆ 40 ಸೇರಿಸಿದರೆ 16,800. ಇನ್ನು ಅವಳ ಸ್ವಂತ ಖರ್ಚು ಕಳೆಯಬೇಕು. ಸರಳಾ ವರ್ಮ ಪ್ರಕಾರ ಮದುವೆಯಾಗದವರಿಗೆ ಸಾಮಾನ್ಯವಾಗಿ ಅರ್ಧ. ಕಾರಣ? ಮದುವೆಯಾಗದವರು ತಮಗಾಗಿಯೇ ಜಾಸ್ತಿ ಖರ್ಚು ಮಾಡುತ್ತಾರೆ, ಬೇಗ ಮದುವೆಯಾಗಿ ಬೇರೆ ಸಂಸಾರ ಹೂಡಲೂಬಹುದು ಎಂಬ ಊಹೆ. ಅರ್ಧ ಕಳೆದರೆ 8,400, ಮಲ್ಟಿಪ್ಲೈಯರ್ 18, ಒಟ್ಟು 18,14,400. ಅವಳು ನಿಜವಾಗಿ ಇಟ್ಟುಕೊಳ್ಳುತ್ತಿದ್ದದ್ದು ಕಾಲು ಭಾಗ. ಆ ಲೆಕ್ಕ ಹಿಡಿದಿದ್ದರೆ 27,21,600 ಆಗುತ್ತಿತ್ತು. ಒಂದು ಊಹೆಯ ಬೆಲೆ 9,07,200 ರೂಪಾಯಿ, ಅದನ್ನು ತೆರುವವರು ಹಾಸಿಗೆ ಹಿಡಿದ ಅಪ್ಪ ಮತ್ತು ಆ ಅಮ್ಮ.

ಆ ತೀರ್ಪಿನಲ್ಲೇ ಒಂದು ಕಿಂಡಿ ಇದೆ, ನಿಜ. ವಿಧವೆ ತಾಯಿ, ದುಡಿಯದ ತುಂಬಾ ಜನ ತಮ್ಮಂದಿರು ತಂಗಿಯರು ಇದ್ದರೆ ಮೂರನೇ ಒಂದು ಭಾಗ ಮಾತ್ರ ಕಳೆಯಬಹುದು. ಇಲ್ಲಿ ಅಪ್ಪ ಬದುಕಿದ್ದಾರೆ, ತಮ್ಮ ಒಬ್ಬನೇ. ಸಾಕ್ಷ್ಯ ಬೇರೆ ಹೇಳದಿದ್ದರೆ ಅಪ್ಪನಿಗೆ ತನ್ನದೇ ಆದಾಯ ಇದೆ ಎಂದೇ ಅದು ಎಣಿಸುತ್ತದೆ. ಹಾಗಿರುವಾಗ ಕಿಂಡಿ ಅಗಲ ಮಾಡುವ ಧೈರ್ಯ ಯಾವ ನ್ಯಾಯಮಂಡಳಿಗೆ ಬರುತ್ತದೆ? ಅರ್ಧ ಕಳೆದರೆ ಯಾರೂ ಕೇಳುವುದಿಲ್ಲ. ಕಾಲು ಕಳೆದರೆ ಅಪೀಲು.

ಪಟ್ಟಿ ಬೇಡ ಎಂದು ನಾನು ಹೇಳುತ್ತಿಲ್ಲ. ದಾರಿ ಗೊತ್ತಿಲ್ಲದ ಕಡೆ ಅದು ಬೇಕೇ ಬೇಕು. ಆದರೆ ಊಹೆ ಇರುವುದು ಸಾಕ್ಷ್ಯ ಇಲ್ಲದ ಕಡೆಗೆ ತಾನೇ? ಕಣ್ಣೆದುರಿಗೆ ದಾಖಲೆ ಇದ್ದಾಗ, ಕಾರಣ ಬರೆದು ಪಟ್ಟಿ ಬಿಟ್ಟು ನಡೆಯುವ ಸ್ವಾತಂತ್ರ್ಯ ಕೆಳಗಿನ ಕೋರ್ಟಿಗೂ ಇರಬೇಕು. ತಪ್ಪು ಮಾಡಿದರೆ ತಿದ್ದಲು ಹೈಕೋರ್ಟು ಇದೆಯಲ್ಲ. ಸತ್ತವರನ್ನು ಹತ್ತಿರದಿಂದ ಬಲ್ಲವರ ಮಾತು ಕೇಳುವುದು, ಸಾಕ್ಷಿಯ ಮುಖ ನೋಡುವುದು ಕೆಳಗಿನ ಕೋರ್ಟೇ.

ತಪ್ಪು ತಿದ್ದಲು ದಾರಿ ಇದೆ ಎನ್ನುವವರು ಆ ದಾರಿಯ ಉದ್ದವನ್ನೂ ನೋಡಬೇಕು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಬಂಧಿಸಿದ್ದು ಬೆಂಗಳೂರಿನಲ್ಲಿ. ಅವರು ಹೋದದ್ದು ಕರ್ನಾಟಕ ಹೈಕೋರ್ಟಿಗೆ. ಆಗ ದೇಶದ ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಬಹುದು ಎಂಬ ನಿಲುವು ತಳೆದಿದ್ದವು. ಒಂಬತ್ತೂ ಸರಿಯಾಗಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್ಪುರ ತೀರ್ಪು ಕೊಟ್ಟಿತು. ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಬಂಧನದಲ್ಲಿದ್ದವರು ಹೈಕೋರ್ಟಿನ ಬಾಗಿಲು ಬಡಿಯುವಂತೆಯೇ ಇಲ್ಲ ಎಂದಾಯಿತು. ಒಂಬತ್ತು ಹೈಕೋರ್ಟುಗಳು ಬಾಯಿ ಮುಚ್ಚಿಕೊಳ್ಳಬೇಕಾಯಿತು, ತಾವು ತಪ್ಪು ಎಂದು ಮನವರಿಕೆಯಾಗಿ ಅಲ್ಲ, 141ನೇ ವಿಧಿ ಇದೆ ಎಂದು.

1978ರಲ್ಲಿ ಸಂಸತ್ತು ಸಂವಿಧಾನಕ್ಕೇ ತಿದ್ದುಪಡಿ ತಂದು, ತುರ್ತು ಪರಿಸ್ಥಿತಿಯಲ್ಲೂ ಜೀವದ ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ತಡೆಯುವಂತಿಲ್ಲ ಎಂದು ಮಾಡಿತು. ತೀರ್ಪು ಮಾತ್ರ ಹಾಗೇ ಉಳಿಯಿತು. ಅದನ್ನು ಸುಪ್ರೀಂ ಕೋರ್ಟು ಬಾಯಿಬಿಟ್ಟು ರದ್ದು ಮಾಡಿದ್ದು 2017ರ ಆಗಸ್ಟ್ 24ರಂದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಕೇಸಿನಲ್ಲಿ. ನಲವತ್ತೊಂದು ವರ್ಷ! 1976ರಲ್ಲಿ ಜೈಲಿನಲ್ಲಿದ್ದ ಎಷ್ಟೋ ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಹುಡುಗಿಯ ಮನೆಯವರು ಕೋರ್ಟಿಗೆ ತರುವ ದಾಖಲೆ ಒಂದು ಬ್ಯಾಂಕ್ ಪಾಸ್‌ಬುಕ್. ಅಮ್ಮನ ಹೆಸರಿನದು. ಸಂಬಳವಾದ ಮರುದಿನ 9,000 ಜಮೆ, ಮುಂದಿನ ತಿಂಗಳು ಮತ್ತೆ 9,000, ಎರಡು ಪುಟ ತುಂಬ ಹಾಗೇ. ಗುಮಾಸ್ತರು ಅದಕ್ಕೆ ನಂಬರು ಹಾಕಿ ಫೈಲಿಗೆ ಸೇರಿಸುತ್ತಾರೆ. ನ್ಯಾಯಾಧೀಶರು ಪುಟ ತಿರುವಿ ನೋಡುತ್ತಾರೆ. ಇನ್ಶೂರೆನ್ಸ್ ಕಂಪನಿಯ ವಕೀಲರು ಎದ್ದು ನಿಂತು, "ಅವಿವಾಹಿತೆ, ಅರ್ಧ ಕಳೆಯಬೇಕು ಸ್ವಾಮಿ" ಎನ್ನುತ್ತಾರೆ.