ಸೀಮಂತಕ್ಕೂ ಮುಂಚಿನ ಊಟ

ಬಾಣಂತನದ ಮಾತು ಬಂದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿರುವ ನಮಗೆ ಹೆಮ್ಮೆಯೇ. ಇಲ್ಲಿ ಹೆರಿಗೆಯಾದ ಮೇಲೆ ಸುಮಾರು ಒಂದು ವಾರ ಆರೈಕೆಯವರು ಮನೆಗೇ ಬರುತ್ತಾರೆ. ನಮ್ಮಲ್ಲಿ ತವರಿನಲ್ಲಿ ತಿಂಗಳುಗಟ್ಟಲೆ ಎಣ್ಣೆನೀರು, ಬಿಸಿ ಸಾರು, ಅಂಟಿನುಂಡೆ. ಆದರೆ ಬಸಿರಿನ ಮೊದಲ ತಿಂಗಳುಗಳ ಊಟದ ವಿಷಯದಲ್ಲಿ ನಾವು ಡಚ್ಚರಿಂದ ಕಲಿಯಲೇಬೇಕು.

ಎರಡನೇ ಮಹಾಯುದ್ಧದಲ್ಲಿ ಈ ದೇಶ ಜರ್ಮನ್ನರ ಕೈಯಲ್ಲಿದ್ದಾಗ, 1944ರ ಸೆಪ್ಟೆಂಬರಿನಲ್ಲಿ ಇಲ್ಲಿನ ರೈಲ್ವೆ ನೌಕರರು ಮುಷ್ಕರ ಹೂಡಿದ್ದಕ್ಕೆ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದರು. ಆ ಚಳಿಗಾಲದಲ್ಲಿ ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು, ಜನ ಟುಲಿಪ್ ಗಡ್ಡೆ ಬೇಯಿಸಿ ತಿಂದರು. 1945ರ ಮೇ ತಿಂಗಳ ಬಿಡುಗಡೆಯ ಹೊತ್ತಿಗೆ ಸುಮಾರು 20,000 ಮಂದಿ ಸತ್ತಿದ್ದರು. ಆಗ ತಾಯ ಹೊಟ್ಟೆಯಲ್ಲಿದ್ದವರನ್ನು ಐವತ್ತರ ವಯಸ್ಸಿನ ಸುಮಾರಿಗೆ ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿದವರ ಮಕ್ಕಳು ಸಣಕಲಾಗಿ ಹುಟ್ಟಿದ್ದರು. ಮೊದಲ ತಿಂಗಳುಗಳಲ್ಲಷ್ಟೇ ಹಸಿದು, ಆಮೇಲೆ ಊಟ ಕಂಡವರ ಮಕ್ಕಳ ತೂಕಕ್ಕೆ ಕುಂದಿರಲಿಲ್ಲ. ಹೃದ್ರೋಗ ಹೆಚ್ಚಾಗಿ ಕಂಡದ್ದು ಮಾತ್ರ ಈ ಮಕ್ಕಳಲ್ಲೇ! ಇದನ್ನು ಓದಿದಾಗಿನಿಂದ, 'ಮಗು ಮೂರು ಕೆ.ಜಿ. ಇದೆ, ಇನ್ನೇನು ಚಿಂತೆ' ಎನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ.

ಹೊಟ್ಟೆಯಲ್ಲಿದ್ದಾಗಿನ ಪೋಷಣೆ ಮುಂದೆ ಹೃದಯಕ್ಕೆ ತಟ್ಟುವುದು ಪರದೇಶದ ಕಥೆ ಮಾತ್ರವಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಹಳೆಯ ದಾಖಲೆ ತೆಗೆದು ನೋಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು. ಅದು ಪ್ರಕಟವಾದದ್ದು 1996ರಲ್ಲಿ.

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹೇಳುವುದಿಲ್ಲ. ಸುದ್ದಿ ಗೊತ್ತಿಲ್ಲದ ಮನೆಯಲ್ಲಿ ಸೊಸೆ ಎಂದಿನಂತೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಾಳೆ. ಬಯಕೆ ಊಟ ಬರುವುದು ಏಳನೇ ತಿಂಗಳ ಸೀಮಂತಕ್ಕೆ. ಅಷ್ಟರಲ್ಲಿ ಕೂಸಿನ ಹೃದಯ ರೂಪುಗೊಂಡು ಎಷ್ಟೋ ಕಾಲವಾಗಿರುತ್ತದೆ. 'ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ' ಎನ್ನುವ ಹಿರಿಯರೂ ಇನ್ನೂ ಇದ್ದಾರೆ. 2017ರ ಮಾತೃಪೂರ್ಣ ಯೋಜನೆ ಗರ್ಭಿಣಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಮೊಟ್ಟೆ, ಹಾಲು ಕೊಟ್ಟಿತು. ಬಹಳ ಒಳ್ಳೆಯ ಕೆಲಸ. ಆದರೆ ಹೆಸರು ಬರೆಸಿದ ಮೇಲೆ ತಾನೇ ಊಟ?

ಇಲ್ಲಿ ಮಗು ಬೇಕೆಂದುಕೊಂಡ ಹೆಣ್ಣಿಗೆ ಬಸಿರಿಗೆ ನಾಲ್ಕು ವಾರ ಮುಂಚೆಯೇ ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಲು ಹೇಳುತ್ತಾರೆ. ಹಾಗೆಂದು ಅದೊಂದನ್ನೇ ನಕಲು ಮಾಡಿದರೆ ನಮಗೆ ಸಾಲದು. ಪುಣೆಯ ಹಳ್ಳಿಗಳ ಅಧ್ಯಯನದಲ್ಲಿ, ಫೋಲೇಟ್ (ಫೋಲಿಕ್ ಆಮ್ಲ ಇದರದೇ ಒಂದು ರೂಪ) ಹೆಚ್ಚಿದ್ದು ಬಿ12 ಜೀವಸತ್ವ ಕಡಿಮೆಯಿದ್ದ ತಾಯಂದಿರ ಮಕ್ಕಳ ದೇಹದಲ್ಲಿ ಆರನೇ ವರ್ಷಕ್ಕೇ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಮದುವೆಯಾದ ಹೊಸತರಲ್ಲೇ ಹುಡುಗಿಯ ಹಿಮೋಗ್ಲೋಬಿನ್ ಜೊತೆಗೆ ಇದನ್ನೂ ಪರೀಕ್ಷೆ ಮಾಡಿಸಿ, ಅವಳಿಗೆ ಮೊದಲ ಪಂಕ್ತಿಯಲ್ಲೇ ಬಡಿಸಿ.